ಚಿತ್ರಲೇಖೆಯನ್ನು ಯಾರೂ ಕೇಳಲಿಲ್ಲ

ಪ್ರಶ್ನೆ: ನಾನು ಒಂದು ನರ್ಸಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಈ ವರ್ಷ ವೈದ್ಯಕೀಯ ನೀತಿಯ ತರಗತಿಯಲ್ಲಿ ಒಂದೆರಡು ಕಥೆ, ನಾಟಕ ಓದಿಸೋಣ ಅಂದುಕೊಂಡೆ. ಸಹೋದ್ಯೋಗಿಯೊಬ್ಬರು ನಕ್ಕುಬಿಟ್ಟರು. "ಕಥೆ ಕಣ್ಣೀರು ತರಿಸುತ್ತೆ, ವಾದ ಮಾಡಲ್ಲ. ಬರೆಯೋನು ತನಗೆ ಬೇಕಾದ ಹಾಗೆ ಬರೀತಾನೆ. ಅದರಿಂದ ಏನು ಸಾಬೀತಾಗುತ್ತೆ?" ಅಂದರು. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಅಂಗಾಂಗ ಕಸಿ, ಒಪ್ಪಿಗೆ, ಇಂಥ ವಿಷಯಗಳಲ್ಲಿ ಸರಿ-ತಪ್ಪಿನ ವಾದವನ್ನು ಕಥೆ ನಿಜಕ್ಕೂ ಮಾಡಬಲ್ಲದೇ?

ಉತ್ತರ: ನಿಮ್ಮ ಸಹೋದ್ಯೋಗಿ ಹೇಳಿದ್ದು ಅರ್ಧ ಸರಿ. ಬರೆಯುವವರು ತಮಗೆ ಬೇಕಾದ ಹಾಗೆ ಬರೆಯುತ್ತಾರೆ, ನಿಜ. ಕಥೆಯಲ್ಲಿ ಯಾರೋ ಸತ್ತರು ಅಂದ ಮಾತ್ರಕ್ಕೆ ಏನೂ ಸಾಬೀತಾಗುವುದಿಲ್ಲ, ಅದೂ ನಿಜ. ಆದರೆ ಅವರು ಒಂದು ಮಾತು ಮರೆತಿದ್ದಾರೆ. ನೀತಿ ಪಾಠದ ಪುಸ್ತಕದಲ್ಲಿ ಬರುವ "ಕೇಸ್" ಕೂಡ ಒಂದು ಕಥೆಯೇ. "ರೋಗಿಗೆ 45 ವರ್ಷ. ಎರಡೂ ಕಿಡ್ನಿ ಕೆಟ್ಟಿವೆ. ತಮ್ಮ ಒಂದು ಕಿಡ್ನಿ ಕೊಡಲು ಒಪ್ಪಿದ್ದಾನೆ. ಏನು ಮಾಡುವಿರಿ?" ಇಷ್ಟೇ ಇರುತ್ತದೆ. ಈ ನಾಲ್ಕು ಸಾಲಿನಲ್ಲಿ ಯಾರಿರಬೇಕು, ಯಾರು ಬೇಡ ಅಂತ ಯಾರೋ ಒಬ್ಬರು ಮೊದಲೇ ತೀರ್ಮಾನ ಮಾಡಿರುತ್ತಾರೆ. ತಮ್ಮನ ಹೆಂಡತಿ ಇಲ್ಲಿಲ್ಲ. ಅಣ್ಣ ತಮ್ಮನಿಗೆ ಕೊಟ್ಟ ಕೈಸಾಲ ಇಲ್ಲಿಲ್ಲ. ಇನ್ನೂ ಭಾಗ ಆಗದ ಜಮೀನು ಇಲ್ಲಿಲ್ಲ. ಇದೆಲ್ಲ ಅನಾವಶ್ಯಕ ಅಂತ ಬಿಟ್ಟಿದ್ದಾರೆ. ಅನಾವಶ್ಯಕ ಅಂದದ್ದು ಯಾರು? ಅದೇ ಒಂದು ನೈತಿಕ ತೀರ್ಪು, ಅಲ್ವಾ?

ಕಥೆ ತನ್ನ ವಾದ ಶುರು ಮಾಡುವುದು ಇಲ್ಲಿಂದ. ಲೆಕ್ಕದಿಂದ ಬಿಟ್ಟುಹೋದವರನ್ನು ಒಳಗೆ ಕರೆದು ಕೂರಿಸುತ್ತದೆ. ಇವರು ಬಂದ ಮೇಲೂ ನಿಮ್ಮ ಮೊದಲಿನ ತೀರ್ಪು ನಿಲ್ಲುತ್ತದೆಯೇ ಅಂತ ಕೇಳುತ್ತದೆ.

ತರ್ಕದ ಜನರೂ ಕಥೆ ಬಿಟ್ಟವರಲ್ಲ. 1971ರಲ್ಲಿ ಅಮೆರಿಕದ ತತ್ವಶಾಸ್ತ್ರಜ್ಞೆ ಜೂಡಿತ್ ಜಾರ್ವಿಸ್ ಥಾಮ್ಸನ್ ಗರ್ಭಪಾತದ ಬಗ್ಗೆ ಒಂದು ಲೇಖನ ಬರೆದರು. ಅದರಲ್ಲಿ ಎಲ್ಲರಿಗೂ ನೆನಪಿರುವುದು ಒಂದು ಕಟ್ಟುಕಥೆ. ಬೆಳಗ್ಗೆ ಎದ್ದು ನೋಡಿದರೆ ನಿಮ್ಮ ಬೆನ್ನಿಗೆ ಬೆನ್ನು ತಾಗಿಸಿ ಹೆಸರಾಂತ ಪಿಟೀಲು ವಾದಕರೊಬ್ಬರು ಮಲಗಿದ್ದಾರೆ, ಪ್ರಜ್ಞೆ ಇಲ್ಲ. ಅವರಿಗೆ ಕಿಡ್ನಿ ಕಾಯಿಲೆ. ನಿಮ್ಮ ರಕ್ತ ಮಾತ್ರ ಹೊಂದುತ್ತದೆ. ಸಂಗೀತಪ್ರೇಮಿಗಳು ರಾತ್ರಿ ನಿಮ್ಮನ್ನು ಎತ್ತಿಕೊಂಡು ಬಂದು ಅವರಿಗೆ ಜೋಡಿಸಿದ್ದಾರೆ. ಒಂಬತ್ತೇ ತಿಂಗಳು, ಆಮೇಲೆ ಬಿಡುತ್ತೇವೆ ಅನ್ನುತ್ತಾರೆ. ನಳಿಗೆ ಕಿತ್ತರೆ ಅವರು ಸಾಯುತ್ತಾರೆ. ನೀವು ಮಲಗಿರಲೇಬೇಕೇ?

ಹೆಚ್ಚಿನವರು "ಬೇಡ" ಅನ್ನುತ್ತಾರೆ. ಹಾಗಾದರೆ ಒಂದು ಜೀವಕ್ಕೆ ಬದುಕುವ ಹಕ್ಕಿದೆ ಅಂದ ಕೂಡಲೇ ಇನ್ನೊಬ್ಬರ ಮೈಯನ್ನು ಬಳಸುವ ಹಕ್ಕೂ ಅದಕ್ಕೆ ಸಿಗುವುದಿಲ್ಲ ಅಂತಾಯಿತು. ಇದು ಅಪ್ಪಟ ವಾದ. ಮೊದಲು ನಿಮ್ಮ ಬಾಯಿಂದ ತೀರ್ಪು ಹೇಳಿಸಿ, ಆಮೇಲೆ ಇದಕ್ಕೂ ಅದಕ್ಕೂ ಏನು ವ್ಯತ್ಯಾಸ ಅಂತ ಕೇಳುವ ಬಗೆ. (ಅದೇ ಲೇಖನದಲ್ಲಿ ಗಾಳಿಯಲ್ಲಿ ಹಾರಿಬರುವ ಮನುಷ್ಯ-ಬೀಜಗಳು ಕಿಟಕಿಯಿಂದ ಒಳಗೆ ಬಂದು ಕಾರ್ಪೆಟ್ಟಿನಲ್ಲಿ ಬೇರು ಬಿಡುವ ಇನ್ನೊಂದು ಕಥೆಯೂ ಇದೆ. ಅದನ್ನು ತರಗತಿಯಲ್ಲಿ ಹೇಳಲು ಹೋಗಿ ನಾನು ನಗೆಪಾಟಲಾಗಿದ್ದೇನೆ.) ಆದರೆ ಈ ಕಥೆಯೂ ನಾಲ್ಕು ಸಾಲಿನ ಕೇಸಿನ ಹಾಗೆಯೇ ಬಡಕಲು. ಹಾಸಿಗೆಯಲ್ಲಿರುವ ನಿಮಗೆ ಹೆಸರಿಲ್ಲ, ಮನೆಯಿಲ್ಲ, ಕಾಯುವವರಿಲ್ಲ. ಪಿಟೀಲಿನವರು ನಿಮಗೆ ಯಾರೂ ಅಲ್ಲ. ನಮ್ಮ ಆಸ್ಪತ್ರೆಗಳಲ್ಲಿ ಹೀಗೆ ಯಾರೂ ಅಲ್ಲದವರಿಗೆ ಕಿಡ್ನಿ ಕೊಡುವ ಪ್ರಸಂಗ ಬರುವುದು ಅಪರೂಪ. ಕೇಳುವವರು ಅಪ್ಪ, ಅಣ್ಣ, ಗಂಡ. ಅಲ್ಲಿಗೆ ಬೇರೆ ಕಥೆ ಬೇಕು.

ಆ ಕಥೆ ನಮ್ಮಲ್ಲೇ ಇದೆ.

ಮಹಾಭಾರತದ ಯಯಾತಿ ಗೊತ್ತಲ್ಲ. ಶುಕ್ರಾಚಾರ್ಯರ ಶಾಪದಿಂದ ಅಕಾಲ ಮುಪ್ಪು ಬಂತು. ಯಾರಾದರೂ ಒಪ್ಪಿದರೆ ಅವರ ಯೌವನ ಪಡೆದು ತನ್ನ ಮುಪ್ಪು ಕೊಡಬಹುದು ಅಂತ ವಿನಾಯಿತಿ ಸಿಕ್ಕಿತು. ಐದು ಮಕ್ಕಳನ್ನು ಕೇಳಿದ. ಯದು, ತುರ್ವಸು, ದ್ರುಹ್ಯು, ಅನು ಒಲ್ಲೆ ಅಂದರು. ಕೊನೆಯವನಾದ ಪುರು ಒಪ್ಪಿದ. ಮಗನ ಯೌವನವನ್ನು ಅಪ್ಪ ಸಾವಿರ ವರ್ಷ ಅನುಭವಿಸಿ, ಆಮೇಲೆ ಹಿಂದಿರುಗಿಸಿ, ಸಿಂಹಾಸನವನ್ನು ಪುರುವಿಗೆ ಕೊಟ್ಟ. ನಾವು ಚಿಕ್ಕವರಿದ್ದಾಗ ಇದನ್ನು ಪಿತೃಭಕ್ತಿಯ ಕಥೆ ಅಂತ ಕೇಳಿದ್ದು.

ಈಗ ಕಸಿ ಆಸ್ಪತ್ರೆಯ ಕಣ್ಣಿನಿಂದ ನೋಡಿ. ಒಲ್ಲೆ ಅಂದ ನಾಲ್ವರಿಗೂ ಅಪ್ಪ ಶಾಪ ಕೊಟ್ಟ. ಯದುವಿನ ವಂಶಕ್ಕೆ ರಾಜ್ಯವೇ ಇಲ್ಲ ಅಂದ. ಒಪ್ಪಿದವನಿಗೆ ರಾಜ್ಯ ಸಿಕ್ಕಿತು. ಅಂದರೆ ಪುರುವಿನ ಸರದಿ ಬರುವ ಹೊತ್ತಿಗೆ "ಇಲ್ಲ" ಅಂದರೆ ಏನಾಗುತ್ತೆ ಅಂತ ಅವನು ನಾಲ್ಕು ಸಲ ನೋಡಿ ಆಗಿತ್ತು. ಕಸಿಗೆ ಅನುಮತಿ ಕೊಡುವ ಇಂದಿನ ಯಾವ ಸಮಿತಿಯ ಮುಂದೆ ಈ ಒಪ್ಪಿಗೆ ನಿಲ್ಲುತ್ತದೆ? ಬೆದರಿಕೆಯೂ ಇದೆ, ಆಮಿಷವೂ ಇದೆ. ಪುರುವಿನ ಮನಸ್ಸು ಶುದ್ಧವಾಗಿಯೇ ಇದ್ದಿರಬಹುದು. ಆದರೆ ಅವನ "ಹೂಂ" ಅನ್ನುವುದರ ಬೆಲೆ ಎಷ್ಟು ಅಂತ ಹೊರಗಿನವರಿಗೆ ತಿಳಿಯುವ ದಾರಿಯೇ ಇಲ್ಲ. ಹಳೆಯ ಕಥೆ ಇದನ್ನೆಲ್ಲ ಮುಚ್ಚಿಟ್ಟಿಲ್ಲ. ಕೇಳುವ ನಾವು ಗಮನಿಸಲಿಲ್ಲ ಅಷ್ಟೇ.

1961ರಲ್ಲಿ ಗಿರೀಶ ಕಾರ್ನಾಡರ 'ಯಯಾತಿ' ನಾಟಕ ಪ್ರಕಟವಾಯಿತು. ಮೂಲದಲ್ಲಿ ಇಲ್ಲದ ಒಬ್ಬಳನ್ನು ಕಾರ್ನಾಡರು ತಂದರು. ಪುರುವಿನ ಹೆಂಡತಿ, ಚಿತ್ರಲೇಖೆ. ಮದುವೆಯಾಗಿ ಆಗಷ್ಟೇ ಅರಮನೆಗೆ ಬಂದ ಹೊಸ ಹುಡುಗಿ. ಗಂಡ ತ್ಯಾಗ ಮಾಡಿದ ಅಂತ ತಿಳಿದಾಗ ಮೊದಲು ಹೆಮ್ಮೆಯೇ ಆಗುತ್ತದೆ. ಆಮೇಲೆ ಅವನ ಮುಪ್ಪಿನ ಮುಖ ಕಣ್ಣಿಗೆ ಬಿದ್ದು ಬೆಚ್ಚುತ್ತಾಳೆ. ಹತ್ತಿರ ಬರಬೇಡ ಅನ್ನುತ್ತಾಳೆ. ಆಗ ಮಾವ ಯಯಾತಿ ಸಮಾಧಾನ ಹೇಳಲು ಬರುತ್ತಾನೆ. ಈಗ ಅವನು ತರುಣ. ಸೊಸೆಯ ಧರ್ಮ, ಗಂಡನ ತ್ಯಾಗ, ವಂಶದ ಗೌರವ, ಎಲ್ಲ ಹೇಳುತ್ತಾನೆ. ಅವಳು ತಿರುಗಿ ಕೇಳುವುದರ ಸಾರ ಇಷ್ಟು: ನಾನು ಮದುವೆಯಾದದ್ದು ಪುರುವಿನ ಯೌವನವನ್ನು. ಅದು ಈಗ ನಿಮ್ಮ ಹತ್ತಿರ ಇದೆ. ಅದನ್ನು ತೆಗೆದುಕೊಂಡ ನೀವು ನನ್ನನ್ನೂ ತೆಗೆದುಕೊಳ್ಳಿ.

ಯಯಾತಿ ಹೌಹಾರುತ್ತಾನೆ. ಇದು ಅಸಹ್ಯ, ಅಧರ್ಮ ಅಂತ ಅವನಿಗೆ ಆ ಕ್ಷಣಕ್ಕೆ ಹೊಳೆಯುತ್ತದೆ. ಮಗನ ಪ್ರಾಯವನ್ನು ತಾನು ಎತ್ತಿಕೊಂಡಾಗ ಅಧರ್ಮ ನೆನಪಾಗಿರಲಿಲ್ಲ!

ನಿಮ್ಮ ಸಹೋದ್ಯೋಗಿಗೆ ಈ ಜಾಗ ತೋರಿಸಿ. ಇಲ್ಲಿ ಕಣ್ಣೀರು ಇನ್ನೂ ಬಂದಿಲ್ಲ. ಚಿತ್ರಲೇಖೆ ಮಾಡುತ್ತಿರುವುದು ತರ್ಕದ ಹಳೇ ಪಟ್ಟು: ನಿಮ್ಮ ಮಾತನ್ನೇ ಕೊನೆತನಕ ಎಳೆಯುತ್ತೇನೆ, ಎಲ್ಲಿಗೆ ಹೋಗಿ ನಿಲ್ಲುತ್ತೆ ನೋಡಿ ಅನ್ನುವುದು. ಯಯಾತಿಯ ಲೆಕ್ಕ ಹೀಗಿತ್ತು: ಕೊಡುವವನು ವಯಸ್ಸಿಗೆ ಬಂದವನು, ಮನಸಾರೆ ಒಪ್ಪಿದ್ದಾನೆ, ಪಡೆಯುವವನು ಸ್ವಂತ ಅಪ್ಪ. ಇದು ಇಬ್ಬರ ನಡುವಿನ ವಿಷಯ. ಚಿತ್ರಲೇಖೆ ಅದನ್ನು ಮುರಿಯುತ್ತಾಳೆ. ಮೈ ಒಬ್ಬನದೇ ಇರಬಹುದು. ಆದರೆ ಆ ಮೈಯ ಮೇಲೆ ಇನ್ನೊಬ್ಬರ ಬದುಕು ನಿಂತಿದೆ. ಅದನ್ನು ಪೆಟ್ಟಿಗೆಯಿಂದ ಸಾಮಾನು ತೆಗೆದ ಹಾಗೆ ತೆಗೆದು ಇನ್ನೊಂದು ಕಡೆ ಇಡಲು ಬರುವುದಿಲ್ಲ.

ಕೊನೆಗೆ ಅವಳು ವಿಷ ಕುಡಿದು ಸಾಯುತ್ತಾಳೆ. ಯಯಾತಿ ಮುಪ್ಪನ್ನು ವಾಪಸ್ ಪಡೆಯುತ್ತಾನೆ.

ಈ ದೃಶ್ಯವನ್ನು ನಾನು ವೈದ್ಯಕೀಯ ವಿದ್ಯಾರ್ಥಿಗಳಿಗೆ ಓದಿಸುತ್ತೇನೆ. 2019ರಿಂದ ಎಂಬಿಬಿಎಸ್ ಪಠ್ಯದಲ್ಲಿ ನಡವಳಿಕೆ, ನೀತಿ, ಸಂವಹನ ಅಂತ ಪ್ರತ್ಯೇಕ ಭಾಗವೇ ಬಂದಿದೆಯಲ್ಲ, ಆ ತರಗತಿಯಲ್ಲಿ. ಒಮ್ಮೆ ಮುಂದಿನ ಬೆಂಚಿನ ಹುಡುಗನೊಬ್ಬ, "ಮೇಡಂ, ಇವಳು ಸ್ವಲ್ಪ ಸೆಲ್ಫಿಶ್ ಅಲ್ವಾ? ಗಂಡ ಅಪ್ಪನಿಗೋಸ್ಕರ ತಾನೇ ಮಾಡಿದ್ದು?" ಅಂದ. ನಾನು ಉತ್ತರ ಕೊಡುವ ಮೊದಲೇ ಹಿಂದಿನಿಂದ ಒಬ್ಬಳು ಎದ್ದಳು. "ನಮ್ಮ ಚಿಕ್ಕಪ್ಪ ದೊಡ್ಡಪ್ಪನಿಗೆ ಕಿಡ್ನಿ ಕೊಟ್ರು. ಚಿಕ್ಕಮ್ಮನಿಗೆ ಗೊತ್ತಾಗಿದ್ದು ಆಪರೇಷನ್ ಹಿಂದಿನ ದಿನ. ಆಸ್ಪತ್ರೆಗೆ ಬುತ್ತಿ ತಗೊಂಡು ಬನ್ನಿ ಅಂತ ಫೋನ್ ಮಾಡಿ ಹೇಳಿದ್ರು." ಅಷ್ಟು ಹೇಳಿ ಕೂತುಬಿಟ್ಟಳು. ತರಗತಿ ಸುಮ್ಮನಾಯಿತು. ಆ ಹುಡುಗನೂ ಆಮೇಲೆ "ಹೇಳಬೇಕಿತ್ತು, ಆದರೆ ಅವರು ಬೇಡ ಅಂದಿದ್ರೆ?" ಅಂತ ಕೇಳಿದ. ಪಾಠ ಶುರುವಾದದ್ದೇ ಆ ಪ್ರಶ್ನೆಯಿಂದ.

ಯಾಕೆಂದರೆ ಕಥೆಯ ವಾದ ಎಲ್ಲಿಯವರೆಗೆ ಹೋಗುತ್ತದೆ, ಎಲ್ಲಿ ನಿಲ್ಲುತ್ತದೆ ಅನ್ನುವುದನ್ನೂ ನೋಡಬೇಕು. ನಾಟಕ ಓದಿ ಬಿಸಿಯಾದ ತಲೆಯಲ್ಲಿ "ಹಾಗಾದರೆ ದಾನಿಯ ಗಂಡ ಅಥವಾ ಹೆಂಡತಿಯ ಸಹಿ ಕಡ್ಡಾಯ ಮಾಡಿ" ಅಂತ ನಿಯಮ ಬರೆದುಬಿಟ್ಟೆವು ಅನ್ನಿ. ಏನಾಗುತ್ತೆ? 2022ರಲ್ಲಿ ದೆಹಲಿ ಹೈಕೋರ್ಟಿನ ಮುಂದೆ ಬಂದದ್ದು ಇದೇ. ಮಗಳು ಅಪ್ಪನಿಗೆ ಕಿಡ್ನಿ ಕೊಡಲು ಸಿದ್ಧಳಿದ್ದಳು. ಗಂಡನಿಂದ ದೂರ ಇದ್ದಳು. ಗಂಡನ ನಿರಾಕ್ಷೇಪಣಾ ಪತ್ರ ತನ್ನಿ ಅಂತ ಆಕೆಯನ್ನು ಕೇಳಿದರು. ಕಾನೂನಿನಲ್ಲಿ ಅಂಥ ಕಡ್ಡಾಯ ಇಲ್ಲ, ಆಕೆಯ ಮೈ ಆಕೆಯದು ಅಂತ ಕೋರ್ಟು ಹೇಳಿತು. ಸರಿಯಾಗಿಯೇ ಹೇಳಿತು. ಚಿತ್ರಲೇಖೆಗಾಗಿ ಬರೆದ ನಿಯಮ ಈ ಮಗಳ ಕೈ ಕಟ್ಟಿಹಾಕುತ್ತಿತ್ತು.

ಹಾಗಾದರೆ ನಾಟಕ ಸೋತಿತೇ? ಇಲ್ಲ. ಅವಳನ್ನು ಕೇಳಬೇಕಿತ್ತು ಅನ್ನುವುದನ್ನು ನಾಟಕ ಗಟ್ಟಿಯಾಗಿ ನಿಲ್ಲಿಸುತ್ತದೆ. ಅವಳ ಮಾತೇ ಕೊನೆಯ ಮಾತು ಆಗಬೇಕು ಅಂತ ಅದು ಎಲ್ಲೂ ಹೇಳಿಲ್ಲ. ಕೇಳುವುದು ಬೇರೆ, ವೀಟೊ ಬೇರೆ. ಈ ಎರಡರ ನಡುವೆ ಗೆರೆ ಎಳೆಯುವ ಕೆಲಸ ನಮ್ಮದು, ಕಾನೂನಿನದು, ಸಮಾಲೋಚಕರದು.

ಈಗ ನಿಮ್ಮ ಸಹೋದ್ಯೋಗಿಯ ಉಳಿದ ಅರ್ಧಕ್ಕೆ ಬರೋಣ. ಕಥೆ ಮೋಸ ಮಾಡುತ್ತದೆ. ಒಂದು ಒಳ್ಳೆಯ ಉದಾಹರಣೆ ಇದೆ. 2002ರ ಜನವರಿಯಲ್ಲಿ ಅಮೆರಿಕದ ಅಧ್ಯಕ್ಷರ ಜೈವಿಕ ನೀತಿ ಮಂಡಳಿಯ ಮೊದಲ ಸಭೆ ನಡೆಯಿತು. ತದ್ರೂಪಿ ಸೃಷ್ಟಿ (ಕ್ಲೋನಿಂಗ್), ಭ್ರೂಣದ ಆಕರ ಕೋಶ (ಸ್ಟೆಮ್ ಸೆಲ್), ದೊಡ್ಡ ದೊಡ್ಡ ವಿಷಯಗಳು ಕಾದಿದ್ದವು. ಮಂಡಳಿಯ ಮುಖ್ಯಸ್ಥ ಲಿಯಾನ್ ಕಾಸ್ ಮೊದಲಿಗೆ ಸದಸ್ಯರ ಮುಂದಿಟ್ಟದ್ದು ನಥಾನಿಯಲ್ ಹಾಥಾರ್ನ್ 1843ರಲ್ಲಿ ಬರೆದ ಒಂದು ಸಣ್ಣಕಥೆ. ವಿಜ್ಞಾನಿ ಐಲ್ಮರ್‌ನ ಹೆಂಡತಿ ಜಾರ್ಜಿಯಾನಾ ಸುಂದರಿ. ಕೆನ್ನೆಯ ಮೇಲೆ ಪುಟ್ಟ ಕೈಯ ಆಕಾರದ ಮಚ್ಚೆ. ಅದೊಂದು ಕೊರತೆ ಅಂತ ಅವನ ತಲೆ ಹೊಕ್ಕಿತು. ಔಷಧಿ ಕುಡಿಸಿದ. ಮಚ್ಚೆ ಮಾಸಿತು, ಅವಳೂ ಸತ್ತಳು.

ಮನುಷ್ಯನ ಮೈಯನ್ನು ತಿದ್ದಲು ಹೋದರೆ ಹೀಗಾಗುತ್ತೆ ಅಂತ ಇದನ್ನು ಓದಿದರೆ ಅದು ಮೋಸ. ಅವಳು ಸತ್ತದ್ದು ಔಷಧಿಯಿಂದಲ್ಲ, ಹಾಥಾರ್ನ್ ಬರೆದದ್ದರಿಂದ. ಬದುಕಿ ಉಳಿದಳು ಅಂತ ಬರೆದಿದ್ದರೆ ಅದೇ ಕಥೆ ಎದುರು ಪಕ್ಷದ ಸಾಕ್ಷಿ ಆಗುತ್ತಿತ್ತು. ಇಂದು ಚರ್ಮದ ಡಾಕ್ಟರು ಲೇಸರ್ ಹಿಡಿದು ಮಚ್ಚೆ ತೆಗೆಯುತ್ತಾರೆ, ಯಾರೂ ಸಾಯುವುದಿಲ್ಲ.

ಆದರೆ ಅದೇ ಕಥೆಯಲ್ಲಿ ಇನ್ನೊಂದು ವಾದವಿದೆ, ಅದು ಪೊಳ್ಳಲ್ಲ. ಮೊದಲಿಗೆ ಜಾರ್ಜಿಯಾನಾಗೆ ತನ್ನ ಮಚ್ಚೆ ಬೇಸರ ತಂದಿರಲಿಲ್ಲ. ಜನ ಅದನ್ನು ಚೆಂದ ಅಂದಿದ್ದರು, ಅವಳೂ ನಂಬಿದ್ದಳು. ದಿನವೂ ಗಂಡ ಆ ಕೆನ್ನೆ ನೋಡಿ ನಡುಗುವುದನ್ನು ನೋಡುತ್ತಾ ನೋಡುತ್ತಾ ಅವಳಿಗೂ ಹೇಸಿಗೆ ಹುಟ್ಟಿತು. ಕೊನೆಗೆ ತೆಗೆಯಿರಿ ಅಂತ ಹಟ ಹಿಡಿದವಳು ಅವಳೇ. ಔಷಧಿ ಕುಡಿಯಲು ಒಪ್ಪಿದವಳೂ ಅವಳೇ. ಕಾಗದದ ಮೇಲೆ ಪೂರ್ತಿ ಒಪ್ಪಿಗೆ ಇದೆ. ಆ ಒಪ್ಪಿಗೆ ಹುಟ್ಟಿದ್ದು ಎಲ್ಲಿಂದ? ಈ ಪ್ರಶ್ನೆಗೆ ಅವಳು ಸಾಯಲೇಬೇಕಿಲ್ಲ.

ನಾನು ಬಳಸುವ ಪರೀಕ್ಷೆಯೂ ಇದೇ. ಕಥೆಯ ಕೊನೆಯ ಪುಟ ಹರಿದುಹಾಕಿ. ಸಾವು, ಶಿಕ್ಷೆ, ದುರಂತ, ಎಲ್ಲ ಹೋಗಲಿ. ಆಮೇಲೂ ವಾದ ನಿಂತಿದ್ದರೆ ಅದು ವಾದ. ಬಿದ್ದುಹೋದರೆ ಅದು ಬರೀ ಹೆದರಿಸುವುದು. ಚಿತ್ರಲೇಖೆ ವಿಷ ಕುಡಿಯದೆ, ತವರಿಗೆ ಹೋಗುವ ಗಾಡಿ ಹತ್ತಿದ್ದರೂ ಅವಳ ಪ್ರಶ್ನೆ ಹಾಗೆಯೇ ಉಳಿಯುತ್ತದೆ. 1818ರಲ್ಲಿ ಬಂದ ಮೇರಿ ಶೆಲ್ಲಿಯ 'ಫ್ರಾಂಕನ್‌ಸ್ಟೈನ್' ಕೂಡ ಈ ಪರೀಕ್ಷೆ ಪಾಸಾಗುತ್ತದೆ, ಆದರೆ ಭಾಷಣಕಾರರು ಹೇಳುವ ಕಾರಣಕ್ಕಲ್ಲ. "ದೇವರ ಕೆಲಸಕ್ಕೆ ಕೈ ಹಾಕಬಾರದು" ಅಂತ ಅದನ್ನು ಎಳೆದು ತರುತ್ತಾರೆ. ಪುಸ್ತಕ ಓದಿದರೆ, ವಿಜ್ಞಾನಿ ಸೃಷ್ಟಿಸಿದ ಜೀವಿಗೆ ಅವನ ಮೇಲಿರುವ ದೊಡ್ಡ ದೂರು ಬೇರೆ: ಹುಟ್ಟಿಸಿದೆ, ಮುಖ ನೋಡಿ ಹೆದರಿ ಓಡಿಹೋದೆ, ಹೆಸರನ್ನೂ ಇಡಲಿಲ್ಲ.

ದಾನದ ಫಾರ್ಮಿನಿಂದ ಹೆಂಡತಿ ಮಾಯವಾಗುವುದನ್ನು ಇನ್ನೂ ನೇರವಾಗಿ ತೋರಿಸಿದವರು ಮಂಜುಳಾ ಪದ್ಮನಾಭನ್. ಅವರ ಇಂಗ್ಲಿಷ್ ನಾಟಕ 'ಹಾರ್ವೆಸ್ಟ್' 1997ರಲ್ಲಿ ಗ್ರೀಸಿನ ಒನಾಸಿಸ್ ಪ್ರಶಸ್ತಿ ಪಡೆಯಿತು. ಕೆಲಸ ಕಳೆದುಕೊಂಡ ಮುಂಬೈನ ಓಂ, ಯಾರೋ ಶ್ರೀಮಂತ ವಿದೇಶಿಗೆ ತನ್ನ ಅಂಗಗಳನ್ನು ಬರೆದುಕೊಡುತ್ತಾನೆ. ಕೆಲಸ ಸಿಗಲಿ ಅಂತ ಹೆಂಡತಿ ಜಯಾಳನ್ನು ತಂಗಿ ಅಂತ ಹೇಳುತ್ತಾನೆ. ಮನೆಗೆ ಊಟ ಬರುತ್ತದೆ, ಯಂತ್ರಗಳು ಬರುತ್ತವೆ, ಅತ್ತೆ ಖುಷಿ. ಹೆಂಡತಿ ಮಾತ್ರ ದಾಖಲೆಯಲ್ಲಿ ಹೆಂಡತಿಯಲ್ಲ. ಕೊನೆಗೆ ಆ ಮನೆಯಲ್ಲಿ ಶರತ್ತು ಹಾಕುವ ಧೈರ್ಯ ಮಾಡುವುದೂ ಅವಳೊಬ್ಬಳೇ.

ಇನ್ನೊಂದು ಬಗೆಯ ವಾದವನ್ನು ಕಥೆ ಪದಗಳಿಂದಲೇ ಮಾಡುತ್ತದೆ. ಕಜುವೊ ಇಶಿಗುರೊ ಅವರ 2005ರ ಕಾದಂಬರಿ 'ನೆವರ್ ಲೆಟ್ ಮಿ ಗೋ'ದಲ್ಲಿ ಅಂಗಗಳಿಗೆಂದೇ ಹುಟ್ಟಿಸಿ ಬೆಳೆಸಿದ ತದ್ರೂಪಿ ಮಕ್ಕಳಿದ್ದಾರೆ. ಅವರಿಂದ ಅಂಗ ಕಿತ್ತುಕೊಳ್ಳುವುದಕ್ಕೆ ಅಲ್ಲಿ "ದಾನ" ಅನ್ನುತ್ತಾರೆ. ಸತ್ತರೆ "ಪೂರ್ಣಗೊಳಿಸಿದರು" ಅನ್ನುತ್ತಾರೆ. ಕಥೆ ಹೇಳುವ ಕ್ಯಾಥಿಯೂ ಈ ಮಾತುಗಳನ್ನೇ ಬಳಸುತ್ತಾಳೆ, ತಣ್ಣಗೆ. ಓದುತ್ತಾ ಓದುತ್ತಾ ನಮಗೂ ರೂಢಿಯಾಗಿಬಿಡುತ್ತದೆ. ಹತ್ತಿಪ್ಪತ್ತು ಪುಟ ಆದ ಮೇಲೆ, ಅರೆ, ನಾನೂ ಮನಸ್ಸಿನಲ್ಲಿ "ದಾನ" ಅಂತಲೇ ಅಂದುಕೊಂಡೆನಲ್ಲ ಅಂತ ಮೈ ಜುಂ ಅನ್ನುತ್ತದೆ. ತದ್ರೂಪಿ ಸೃಷ್ಟಿ ಬೇಡ ಅನ್ನುವವರು ಇದನ್ನು ತಮ್ಮ ಕಡೆಯ ಸಾಕ್ಷಿ ಅಂತ ತರುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಒಳ್ಳೆಯ ಪದ ಒಂದು ಸಿಕ್ಕರೆ ಸಭ್ಯ ಜನ ಏನನ್ನೆಲ್ಲ ಸಹಿಸಿಕೊಳ್ಳುತ್ತಾರೆ ಅನ್ನುವುದೇ ಅದರ ವಾದ.

ಕನ್ನಡದಲ್ಲಿ ಈ ಪದ ಇನ್ನೂ ಭಾರ. ದಾನ ಅಂದರೆ ಪುಣ್ಯ. ಅನ್ನದಾನ, ನೇತ್ರದಾನ, ಕನ್ಯಾದಾನ. ಕೊಡುವವರ ಕೈ ಮೇಲೆ, ಪಡೆಯುವವರ ಕೈ ಕೆಳಗೆ. ದಾನಶೂರ ಕರ್ಣ ಹುಟ್ಟುತ್ತಲೇ ಬಂದ ಕವಚವನ್ನು ಮೈಯಿಂದಲೇ ಕೊಯ್ದು ಕೊಟ್ಟ ಅಂತ ಕೊಂಡಾಡುತ್ತೇವೆ. ಸೂರ್ಯ ಮೊದಲೇ ಎಚ್ಚರಿಸಿದ್ದ, ಕರ್ಣ ಬದಲಿಗೆ ಇಂದ್ರನಿಂದ ಶಕ್ತ್ಯಾಯುಧ ಪಡೆದ ಅನ್ನುವುದನ್ನು ಅಷ್ಟಾಗಿ ಹೇಳುವುದಿಲ್ಲ. ಇಷ್ಟು ಪುಣ್ಯ ಹೊತ್ತ ಪದವನ್ನು ಮನೆಯ ಸೊಸೆಯ ಮುಂದಿಟ್ಟು "ಗಂಡನಿಗೆ ಕಿಡ್ನಿ ದಾನ ಮಾಡ್ತೀಯೇನಮ್ಮಾ?" ಅಂತ ಎಲ್ಲರ ಎದುರು ಕೇಳಿದರೆ ಅವಳು ಒಲ್ಲೆ ಅನ್ನುವುದು ಹೇಗೆ? ನಮ್ಮ ದೇಶದಲ್ಲಿ ಬದುಕಿರುವಾಗಲೇ ಅಂಗ ಕೊಡುವವರಲ್ಲಿ ಹೆಂಗಸರೇ ಜಾಸ್ತಿ. ಇದು ಸರ್ಕಾರಕ್ಕೂ ಗೊತ್ತು. ಕಸಿ ಕಾಯ್ದೆ ಬಂದದ್ದು 1994ರಲ್ಲಿ. 2014ರ ನಿಯಮಗಳಲ್ಲಿ ಒಂದು ಸಾಲಿದೆ: ದಾನಿ ಮಹಿಳೆಯಾಗಿದ್ದರೆ ಹೆಚ್ಚಿನ ಎಚ್ಚರ ಬೇಕು, ಆಕೆಯ ಗುರುತನ್ನೂ ಸ್ವತಂತ್ರ ಒಪ್ಪಿಗೆಯನ್ನೂ ಅಂಗ ಪಡೆಯುವವರಲ್ಲದೆ ಬೇರೊಬ್ಬರು ಖಚಿತಪಡಿಸಬೇಕು. ಒಣ ಭಾಷೆ. ಆ ಸಾಲಿನ ಹಿಂದೆ ಎಷ್ಟೋ ಜಾರ್ಜಿಯಾನಾರು ನಿಂತಿದ್ದಾರೆ.

ಆದ್ದರಿಂದ ಓದಿಸಿ. ಒಂದೆರಡು ಕಿವಿಮಾತು ಮಾತ್ರ. ಇಡೀ ನಾಟಕ ಬೇಡ, ಚಿತ್ರಲೇಖೆ ಮತ್ತು ಯಯಾತಿಯ ಮಾತುಕತೆ ಸಾಕು. ಇಬ್ಬರು ವಿದ್ಯಾರ್ಥಿಗಳು ಎದ್ದು ನಿಂತು ಗಟ್ಟಿಯಾಗಿ ಓದಲಿ. ವಿಷದ ಭಾಗಕ್ಕೆ ಮೊದಲೇ ನಿಲ್ಲಿಸಿ. ಅದಕ್ಕೂ ಮುಂಚೆ ಹತ್ತಿರದ ಸಂಬಂಧಿಕರು ಅಂಗ ಕೊಡುವಾಗ ತುಂಬುವ ಫಾರ್ಮ್ 1ರ ಪ್ರತಿಯನ್ನು ಎಲ್ಲರ ಕೈಗೂ ಕೊಟ್ಟು, ಪುರುವಿನ ಹೆಸರಿನಲ್ಲಿ ತುಂಬಿಸಿ. ನಗುತ್ತಾರೆ, ನಗಲಿ. ಯಾರು ಸರಿ ಅಂತ ಮಾತ್ರ ಕೇಳಬೇಡಿ. ಆ ಪ್ರಶ್ನೆ ಕೇಳಿದರೆ ಹುಡುಗರು ಒಂದು ಕಡೆ, ಹುಡುಗಿಯರು ಒಂದು ಕಡೆ ಆಗಿ ಗಂಟೆ ಹೊಡೆಯುವ ತನಕ ಜಗಳ. ಅದರ ಬದಲು, ನೀವು ಆ ಆಸ್ಪತ್ರೆಯ ಕಸಿ ಸಂಯೋಜಕರು ಅಂದುಕೊಳ್ಳಿ, ಯಾರನ್ನು ಯಾವ ಕೋಣೆಯಲ್ಲಿ ಕೂರಿಸಿ ಏನು ಕೇಳುತ್ತೀರಿ, ಒಂದೇ ಪ್ರಶ್ನೆ ಬರೆಯಿರಿ ಅನ್ನಿ.

ಹೋದ ವರ್ಷ ನನಗೆ ಬಂದ ಚೀಟಿಗಳಲ್ಲಿ ಹೆಚ್ಚಿನವು ಪುರುವಿಗೆ ಬರೆದವು. ಒತ್ತಡ ಇದೆಯಾ, ದುಡ್ಡು ಸಿಗುತ್ತಾ, ಅಪಾಯ ಗೊತ್ತಾ. ಒಂದು ಚೀಟಿ ಚಿತ್ರಲೇಖೆಯ ಹೆಸರಿಗಿತ್ತು. ಪೆನ್ಸಿಲಿನಲ್ಲಿ ಬರೆದಿದ್ದರು: "ನಿಮಗೆ ಯಾವಾಗ ಹೇಳಿದರು? ಅವರು ಹೂಂ ಅನ್ನೋ ಮುಂಚೆಯಾ, ಆಮೇಲಾ?"